ಗುರುಲಘು ನಿರ್ಣಯ: ಶಿರಾಲಿ ಪ್ರಸ್ಥಾನದ ಲ್ಯಾಪ್‌ಟಾಪ್ ಮೀಮಾಂಸೆ

ಉಪೋದ್ಘಾತ

ಭಟ್ಕಳ ಸೀಮೆಗೆ ಶಾಸ್ತ್ರ ಹೊಸತಲ್ಲ. ಹಾಡುವಳ್ಳಿ ಮಠದ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ ಕನ್ನಡ ಭಾಷೆಗೆ ಸಂಸ್ಕೃತದಲ್ಲಿ 592 ಸೂತ್ರ ಬರೆದ. ಸೂತ್ರಕ್ಕೆ ತಾನೇ ವೃತ್ತಿ ಬರೆದ, ವೃತ್ತಿಗೆ ತಾನೇ ವ್ಯಾಖ್ಯಾನವನ್ನೂ ಬರೆದು 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದ. ಅದಾಗಿ ನಾನೂರು ವರ್ಷ ದಾಟಿದೆ. ಆದರೂ ಇದೇ ತಾಲೂಕಿನ ಶಿರಾಲಿಯಲ್ಲಿ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟು ಪಡೆದ ಮಾಣಿಗೆ ಎಂಥ ಲ್ಯಾಪ್‌ಟಾಪ್ ಕೊಡಿಸಬೇಕು ಎಂಬುದಕ್ಕೆ ಇಂದಿಗೂ ಒಂದು ಸೂತ್ರವಿಲ್ಲ. ವಿದ್ವಲ್ಲೋಕದ ಈ ಕೊರತೆಯನ್ನು ನೀಗಲು ಪ್ರಸ್ತುತ ಗ್ರಂಥ ಹೊರಟಿದೆ. ಪೂರ್ವಾಚಾರ್ಯರ ಪದ್ಧತಿಯಂತೆ ಇಲ್ಲಿಯೂ ಸೂತ್ರಕಾರನೂ ವೃತ್ತಿಕಾರನೂ ಒಬ್ಬನೇ. ಇದರಿಂದ ಅಭಿಪ್ರಾಯಭೇದ ತಪ್ಪಿತು, ಸಂಭಾವನೆಯೂ ಉಳಿಯಿತು.

ಅನುಬಂಧ ಚತುಷ್ಟಯ

ಶಾಸ್ತ್ರಾರಂಭದಲ್ಲಿ ನಾಲ್ಕನ್ನು ಹೇಳಬೇಕು. ವಿಷಯ: ಎರಡೂವರೆ ಕಿಲೋ ತೂಗುವ ಗೇಮಿಂಗ್ ಲ್ಯಾಪ್‌ಟಾಪೋ, ಒಂದೂಕಾಲು ಕಿಲೋದ, ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಬಹುದಾದ ಟೂ-ಇನ್-ವನ್ನೋ ಎಂಬ ಸಂಶಯ. ಪ್ರಯೋಜನ: ಮನೆಯಲ್ಲಿ ರಾತ್ರಿ ಊಟ ಸುಸೂತ್ರವಾಗಿ ನಡೆಯುವುದು. ಸಂಬಂಧ: ಅಪ್ಪಯ್ಯನ ಪಾಸ್‌ಬುಕ್. ಅಧಿಕಾರಿ: ಸಿಇಟಿ ಬರೆದು ಸೀಟು ಪಡೆದವನು. ಬರೀ ರೀಲ್ಸ್ ನೋಡುವವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವನಿಗೆ ಮೊಬೈಲೇ ಮೋಕ್ಷಸಾಧನ.

ಪಕ್ಷ ಪ್ರತಿಪಕ್ಷ

ಸೂತ್ರ 1: ಭಾರವೇ ಬಲವೆಂದು ಗುರುವಾದಿಗಳು.

ವೃತ್ತಿ: ಈ ಮತದ ಮೂಲಪುರುಷ ಮಾಣಿಯೇ. ಅವನ ಮಹಾವಾಕ್ಯ: "ಅಪ್ಪಯ್ಯ, ಎಐ-ಎಂಎಲ್ ಕಲಿಯೂಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು." ವಾದದಲ್ಲಿ ಹುರುಳಿಲ್ಲದಿಲ್ಲ. ಯಂತ್ರಕಲಿಕೆಯ ತಂತ್ರಾಂಶಗಳು ಬಹುಪಾಲು ಎನ್‌ವಿಡಿಯಾದ 'ಕೂಡಾ' (CUDA) ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ. ಅದು ನಡೆಯಲು ಎನ್‌ವಿಡಿಯಾ ಕಾರ್ಡೇ ಆಗಬೇಕು. ಮೂರು ಆಯಾಮದ ಚಿತ್ರ, ಕ್ಯಾಡ್, ವಿಡಿಯೊ ಎಡಿಟಿಂಗ್ ಮಾಡುವವರಿಗೂ ಅದು ಆಸರೆ. ಮಹಾವಾಕ್ಯ ಉಚ್ಚರಿಸುವಾಗ ಮಾಣಿಯ ಕಣ್ಣು ಜಾಹೀರಾತಿನ ಬಣ್ಣ ಬದಲಿಸುವ ಕೀಬೋರ್ಡಿನ ಮೇಲಿತ್ತು ಎಂಬುದು ವಾದಕ್ಕೆ ಬಾಧಕವಲ್ಲ.

ಸೂತ್ರ 2: ಬೆನ್ನೇ ಪ್ರಮಾಣವೆಂದು ಲಘುವಾದಿಗಳು.

ವೃತ್ತಿ: ಈ ಮತಕ್ಕೆ ಆಯಿ ಆಚಾರ್ಯೆ. ದಿನಾ ಬೆಳಿಗ್ಗೆ ಹೆದ್ದಾರಿ 66ರಲ್ಲಿ ಬಸ್ಸಿಗೆ ಜೋತುಬಿದ್ದು ಕಾಲೇಜಿಗೆ ಹೋಗುವ ಮಾಣಿ, ಪುಸ್ತಕ, ಕೊಡೆ, ಊಟದ ಡಬ್ಬಿಯ ಜೊತೆಗೆ ಎಷ್ಟು ಹೊರಬೇಕು ಎಂಬುದು ಅವರ ಪ್ರಶ್ನೆ. ಪಠ್ಯದ ಮಟ್ಟಿಗೂ ಈ ಪಕ್ಷ ಬಲಹೀನವಲ್ಲ. ಸಿ, ಪೈಥಾನ್, ಡೇಟಾಬೇಸ್ ಇವಕ್ಕೆ 16 ಜಿಬಿ ರ್‍ಯಾಮ್ ಧಾರಾಳ. ದೊಡ್ಡ ಲೆಕ್ಕ ಬಂದರೆ ಗೂಗಲ್ ಕೊಲ್ಯಾಬ್‌ನಲ್ಲಿ ದೂರದ ಗ್ರಾಫಿಕ್ಸ್ ಕಾರ್ಡನ್ನು ಮಿತಿಯೊಳಗೆ ಪುಕ್ಕಟೆಯಾಗಿ ಬಳಸಬಹುದು.

ಸೂತ್ರ 3: ಹೆಸರು ಒಂದಾದರೂ ಕಸುವು ಬೇರೆ.

ವೃತ್ತಿ: ಆರ್‌ಟಿಎಕ್ಸ್ 4060 ಎಂಬ ಒಂದೇ ನಾಮಧೇಯದ ಲ್ಯಾಪ್‌ಟಾಪ್ ಕಾರ್ಡು 35 ವಾಟ್‌ನಿಂದ 115 ವಾಟ್‌ವರೆಗೆ, ತಯಾರಕ ಎಷ್ಟಕ್ಕೆ ಬಿಡುತ್ತಾನೋ ಅಷ್ಟಕ್ಕೆ ಓಡುತ್ತದೆ. ತೆಳ್ಳಗಿನ ಮೈಯೊಳಗೆ ಕೂತದ್ದು ಬಿಸಿಗೆ ಹೆದರಿ ಕಡಿಮೆ ದುಡಿಯುತ್ತದೆ, ದಪ್ಪ ಮೈಯದು ಹೆಚ್ಚು. ಆದ್ದರಿಂದ ಡಬ್ಬದ ಮೇಲಿನ ಸ್ಟಿಕರ್ ಓದಿದವನು ಅರ್ಧ ಪಂಡಿತ. ವಾಟ್ ಎಷ್ಟೆಂದು ಕೇಳಿದವನು ಪೂರ್ಣ ಪಂಡಿತ. ಕೇಳಿದಾಗ ಅಂಗಡಿಯವನು ಚಾರ್ಜರಿನ ವಾಟ್ ಹೇಳುತ್ತಾನೆ. ಅದು ಬೇರೆ.

ಹೊನ್ನಾವರದ ಕಡೆಯ ತಾಳಮದ್ದಲೆಗಳಲ್ಲಿ ಪಳಗಿದ ಕಿವಿಯ ಅಜ್ಜ ಎರಡೂ ಪಕ್ಷವನ್ನು ಜಗಲಿಯಲ್ಲಿ ಕೂತು ಆಲಿಸಿದರು. ಅವರ ವಿಮರ್ಶೆ ಒಂದೇ ವಾಕ್ಯದ್ದು: "ಇಬ್ಬರದೂ ಅರ್ಥ ಚಲೋ ಆಯ್ತು, ಪದ್ಯ ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ."

ಪ್ರಮಾಣ ವಿಚಾರ

ಸೂತ್ರ 4: ಪ್ರಮಾಣಗಳು ಆರು, ಆರರಲ್ಲೂ ತೊಡಕು.

ವೃತ್ತಿ: ಮೊದಲನೆಯದು ಪ್ರತ್ಯಕ್ಷ. ಕುಮಟೆಯ ಅಂಗಡಿಗೆ ಹೋಗಿ ಕಣ್ಣಾರೆ ನೋಡುವುದು. ಗಿರಾಕಿ ಲ್ಯಾಪ್‌ಟಾಪನ್ನು ಎತ್ತಿ ನೋಡಿ "ಅಷ್ಟೇನೂ ಭಾರ ಇಲ್ಲ" ಎನ್ನುತ್ತಾನೆ. ಅಡಾಪ್ಟರ್ ಎತ್ತಿ ನೋಡುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪಿನ 230 ವಾಟ್ ಅಡಾಪ್ಟರ್ ಮುಕ್ಕಾಲು ಕಿಲೋದ ಆಸುಪಾಸು ತೂಗುತ್ತದೆ. ಟೂ-ಇನ್-ವನ್ನಿನ 65 ವಾಟ್‌ದು ಅಂಗಿಯ ಕಿಸೆಗೆ ಹೋಗುತ್ತದೆ. ಎಸಿ ಹಾಕಿದ ಅಂಗಡಿಯಲ್ಲಿ ಐದು ನಿಮಿಷಕ್ಕೆ ಬಿಸಿಯೂ ಕೈಗೆ ಸಿಗುವುದಿಲ್ಲ.

ಎರಡನೆಯದು ಅನುಮಾನ. ಪರೀಕ್ಷಾರ್ಥವೆಂದು ಗೆಳೆಯನ ಗೇಮಿಂಗ್ ಲ್ಯಾಪ್‌ಟಾಪ್ ಒಂದು ತಿಂಗಳ ಮಟ್ಟಿಗೆ ಮನೆಗೆ ಬಂದಿತ್ತು. ಆಗ ಅಪ್ಪಯ್ಯ ಪಂಚಾವಯವ ವಾಕ್ಯವನ್ನು ರಚಿಸಿದರು. ಮಾಣಿಯ ಕೋಣೆಯಲ್ಲಿ ಆಟ ನಡೆದಿದೆ, ಇದು ಪ್ರತಿಜ್ಞೆ. ಒಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತಿರುವುದರಿಂದ, ಇದು ಹೇತು. ಎಲ್ಲೆಲ್ಲಿ ಬೊಬ್ಬೆಯೋ ಅಲ್ಲಲ್ಲಿ ಆಟ, ಹೋದ ಭಾನುವಾರದ ಹಾಗೆ, ಇದು ಉದಾಹರಣೆ. ಈಗಲೂ ಅಂಥದೇ ಬೊಬ್ಬೆ, ಇದು ಉಪನಯ. ಆದ್ದರಿಂದ ಆಟವೇ, ಇದು ನಿಗಮನ. ಮಾಣಿ ಇದರಲ್ಲಿ ಹೇತ್ವಾಭಾಸ ತೋರಿಸಿದ: ವಿಂಡೋಸ್ ಅಪ್‌ಡೇಟ್ ಆಗುವಾಗಲೂ ಫ್ಯಾನು ಬೊಬ್ಬೆ ಹೊಡೆಯುತ್ತದೆ. ಆ ತಿಂಗಳು ವಿಂಡೋಸ್ ಪ್ರತಿ ರಾತ್ರಿ ಅಪ್‌ಡೇಟ್ ಆಯಿತು.

ಮೂರನೆಯದು ಉಪಮಾನ. "ಬೆಂಗಳೂರಿನ ದೊಡ್ಡಪ್ಪನ ಮಗನ ಹತ್ರ ಇದ್ದಂಥದ್ದು." ಅವನದು ಕಂಪನಿ ಕೊಟ್ಟದ್ದು, ಹಾಳಾದರೆ ಕಂಪನಿಯೇ ನೋಡಿಕೊಳ್ಳುತ್ತದೆ. ಸಾದೃಶ್ಯ ಇಲ್ಲಿಗೆ ಮುಗಿಯಿತು.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಆಪ್ತನೆಂದರೆ ಸ್ವಂತ ಲಾಭವಿಲ್ಲದೆ ಇದ್ದದ್ದನ್ನು ಇದ್ದಂತೆ ಹೇಳುವವನು. ಯೂಟ್ಯೂಬಿನ ವಿಮರ್ಶಕ ಆಪ್ತನೋ ಎಂದು ವಿಚಾರಿಸಬೇಕು. ಅವನು ಮಾತಿನ ನಡುವೆ ಪ್ರಾಯೋಜಕರಿಗೆ ವಂದಿಸುತ್ತಾನೆ, ಕೊನೆಗೆ "ಕೊಳ್ಳುವ ಲಿಂಕ್ ಕೆಳಗಿದೆ" ಎನ್ನುತ್ತಾನೆ. ವಿಚಾರ ಸಾಕು.

ಐದನೆಯದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಊಹಿಸಿದರು. ಶಿರಾಲಿಯಲ್ಲಿ ಇದೇ ಊಹೆಗೆ 2023ರ ಗೃಹಜ್ಯೋತಿ ಯೋಜನೆ ಒದಗಿತು. ಮನೆಯ ಹಳೆಯ ಸರಾಸರಿಯ ಮೇಲೆ ಶೇ. 10ರಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಪುಕ್ಕಟೆ ಕರೆಂಟು. ಅದಕ್ಕಿಂತ ಹೆಚ್ಚಾದರೆ ದುಡ್ಡು ಕಟ್ಟಬೇಕು. ಶೂನ್ಯ ಬಿಲ್ಲಿಗೆ ಒಗ್ಗಿಹೋಗಿದ್ದ ಅಪ್ಪಯ್ಯನ ಕೈಗೆ ಆ ತಿಂಗಳು ಅಂಕಿ ಇರುವ ಬಿಲ್ಲು ಬಂತು. ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ದುಡಿದರೆ ಗಂಟೆಗೆ ಕಾಲು ಯೂನಿಟ್ಟಿನ ಹತ್ತಿರ ನುಂಗುತ್ತದೆ. ಹಗಲು ಮಾಣಿ ಪುಸ್ತಕ ಹಿಡಿದೇ ಕೂತಿದ್ದ. ಉಳಿದದ್ದನ್ನು ದೇವದತ್ತನೇ ಹೇಳಲಿ.

ಆರನೆಯದು ಅನುಪಲಬ್ಧಿ: ಇಲ್ಲದ್ದು ಇಲ್ಲವೆಂದು ತಿಳಿಯುವುದು. ಇದು ಟೂ-ಇನ್-ವನ್ ಕೊಂಡು ತಂದ ಮೇಲೆ ಮಾತ್ರ ಆಗುವ ಜ್ಞಾನ. ಪೆನ್‌ಡ್ರೈವ್ ಹಿಡಿದು ಎಡಬಲ ತಡಕಿದಾಗ ಅದರ ತೂತು ಕೆಲವು ಮಾದರಿಗಳಲ್ಲಿ ಇಲ್ಲವೆಂದೂ, ಜಾಹೀರಾತಿನಲ್ಲಿ ಕಂಡ ಪೆನ್ನು ಹಲವು ಡಬ್ಬಗಳಲ್ಲಿ ಇರುವುದಿಲ್ಲವೆಂದೂ ಸಾಕ್ಷಾತ್ಕಾರವಾಗುತ್ತದೆ. ರ್‍ಯಾಮನ್ನು ಬಹುತೇಕ ಬೋರ್ಡಿಗೇ ಬೆಸೆದಿರುತ್ತಾರಾದ್ದರಿಂದ, "ಈಗ 8 ಇರಲಿ, ಮುಂದೆ ಹಾಕಿಸಿಕೊಂಡರಾಯಿತು" ಎಂಬ ಅಪ್ಪಯ್ಯಂದಿರ ಸನಾತನ ಉಪಾಯವೂ ಅಲ್ಲಿ ನಡೆಯದು. ಗೇಮಿಂಗ್‌ದರಲ್ಲಿ ಸಾಮಾನ್ಯವಾಗಿ ಬಿಚ್ಚಿ ಹಾಕುವ ಜಾಗವಿರುತ್ತದೆ.

ದೇಶಕಾಲ ವಿಚಾರ

ಸೂತ್ರ 5: ಅಮೆರಿಕದ ವಿಮರ್ಶೆ ಆಷಾಢಕ್ಕೆ ಸಲ್ಲದು.

ವೃತ್ತಿ: ಶಿರಾಲಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಳ್ವೆಕೋಡಿಯ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ತಿನ್ನುವಾಗ, ಆ ಗಾಳಿಯನ್ನು ಫ್ಯಾನು ಹಚ್ಚಿ ಒಳಗೆ ಎಳೆದುಕೊಳ್ಳುವ ಯಂತ್ರದ ಆಯುಷ್ಯವನ್ನು ಯಾವ ವಿಡಿಯೊವೂ ಚರ್ಚಿಸಿಲ್ಲ. ಅದೇ ಯಂತ್ರ ಹಿಂಬದಿಯಿಂದ ಬಿಸಿಗಾಳಿ ಬಿಡುವುದನ್ನು ಅಂಗೈ ಒಡ್ಡಿ ಪರೀಕ್ಷಿಸಿದ ಅಜ್ಜಿ ಮಾತ್ರ ಗುರುವಾದಕ್ಕೆ ಸೇರಿದರು: "ಹಂಗಾರೆ ಇದನ್ನೇ ತಕಳಿ. ಮಳೆಗಾಲದಲ್ಲಿ ಬನಿಯನ್ನಾದರೂ ಒಣಗ್ತದೆ." ಗೇಮಿಂಗ್ ಲ್ಯಾಪ್‌ಟಾಪಿನ ಪರವಾಗಿ ಈ ಮನೆಯಲ್ಲಿ ಬಂದ ವಾದಗಳಲ್ಲಿ ಕಪಟವಿಲ್ಲದ್ದು ಇದೊಂದೇ.

ಸೂತ್ರ 6: ದೊಡ್ಡ ಬ್ಯಾಟರಿಗೆ ಸಣ್ಣ ಆಯುಸ್ಸು.

ವೃತ್ತಿ: ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಗೆ 100 ವಾಟ್-ಗಂಟೆಯ ಮಿತಿಯಿದೆ. ಆದ್ದರಿಂದ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ಗಳು 99 ಚಿಲ್ಲರೆಗೆ ಬಂದು ನಿಲ್ಲುತ್ತವೆ. ಅಷ್ಟಿದ್ದರೂ ಮಳೆಗೆ ಕರೆಂಟು ಹೋದಾಗ ಆಟ ಒಂದು ಗಂಟೆ ನಡೆದರೆ ಹೆಚ್ಚು, ಅದೂ ಕಾರ್ಡಿನ ಕಸುವು ಕುಗ್ಗಿಸಿಕೊಂಡು. ಟೂ-ಇನ್-ವನ್ನಿನ ಬ್ಯಾಟರಿ ಅದಕ್ಕಿಂತ ಚಿಕ್ಕದು, ಆದರೂ ಒಂದು ದಿನದ ಪಾಠಕ್ಕೆ ಸಾಲುತ್ತದೆ. ಮಿತಾಹಾರದ ಮಹಿಮೆ.

ಸೂತ್ರ 7: ಭಂಗಿ ನಾಲ್ಕು, ಬಳಕೆ ಒಂದು.

ವೃತ್ತಿ: ಲೆನೊವೊ 2012ರಲ್ಲಿ ಯೋಗ ಎಂಬ ಹೆಸರಿಟ್ಟು ಜನಪ್ರಿಯಗೊಳಿಸಿದ ಈ ಮಡಿಕೆಗೆ ನಾಲ್ಕು ಭಂಗಿ: ಲ್ಯಾಪ್‌ಟಾಪ್, ಸ್ಟ್ಯಾಂಡ್, ಟೆಂಟ್, ಟ್ಯಾಬ್ಲೆಟ್. ಟೆಂಟಿನ ಭಂಗಿಯಲ್ಲಿ ಯಕ್ಷಗಾನ ನೋಡಬಹುದೆಂದು ಕೇಳಿ ಅಜ್ಜ ಸ್ವಲ್ಪ ಲಘುವಾದದತ್ತ ವಾಲಿದರು. ಡೇರೆ ಮೇಳದ ಆಟ ಕಂಡವರಿಗೆ ಇದು ಸಹಜ. ಪೆನ್ನಿದ್ದರೆ ಗಣಿತದ ನೋಟ್ಸು, ಸರ್ಕ್ಯೂಟ್ ಚಿತ್ರ ಪರದೆಯ ಮೇಲೇ ಬರೆಯಬಹುದೆಂಬುದು ನಿಜವಾದ ಲಾಭ. ಆದರೆ 360 ಡಿಗ್ರಿ ತಿರುಗುವ ಕೀಲು ಅಂಗಡಿಯಲ್ಲಿ ಮಾತ್ರ ಅಷ್ಟು ತಿರುಗುತ್ತದೆ. ಮನೆಗೆ ಬಂದು ಹಳತಾದ ಮೇಲೆ ಅದು ಬೇರೆ ಲ್ಯಾಪ್‌ಟಾಪಿನಷ್ಟೇ ತೆರೆದುಕೊಂಡು ಸುಖವಾಗಿರುತ್ತದೆ.

ಸಮನ್ವಯಾಧ್ಯಾಯ

ಸೂತ್ರ 8: ಎರಡೂ ಒಂದರಲ್ಲೇ ಎಂಬುವರು ಕೆಲವರು.

ವೃತ್ತಿ: 2021ರಲ್ಲಿ ಏಸಸ್ ಕಂಪನಿ ಆರ್‌ಒಜಿ ಫ್ಲೋ ಎಕ್ಸ್13 ಎಂಬುದನ್ನು ತಂದಿತು. ತೂಕ 1.3 ಕಿಲೋ, ಪೂರ್ತಿ ಮಡಚುತ್ತದೆ, ಗೇಮಿಂಗ್ ಕುಲದ್ದು. ಇನ್ನೂ ಕಸುವು ಬೇಕಾದರೆ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯನ್ನು ಹೊರಗಿನಿಂದ ಜೋಡಿಸಬಹುದು. ಭೇದಾಭೇದವಾದಿಗಳಿಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ಸಿಗದು. ಮಾಣಿ ಇದನ್ನು ಸವಿಸ್ತಾರವಾಗಿ ನಿರೂಪಿಸಿದ. ಅಪ್ಪಯ್ಯ ಕೇಳಿದರು: "ಎಷ್ಟಾ ಕ್ರಯ?" ಸಮನ್ವಯಾಧ್ಯಾಯ ಸಮಾಪ್ತ.

ಸಿದ್ಧಾಂತ

ಸೂತ್ರ 9: ಹೊರುವವನ ಮಾತೇ ಸಿದ್ಧಾಂತ.

ವೃತ್ತಿ: ವಾದ ನಡೆದಿರುವಾಗಲೇ ದುಬೈಯಿಂದ ಸಣ್ಣ ಮಾವ ಊರಿಗೆ ಬರುವ ಸುದ್ದಿ ಬಂತು. ಹದಿನೆಂಟು ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದೆಂದು ಕಸ್ಟಮ್ಸ್ ನಿಯಮ. ಆದರೆ ಕೈಚೀಲಕ್ಕೆ ಏಳು ಕಿಲೋದ ಮಿತಿ. ಅದರಲ್ಲಿ ಮೂರೂಕಾಲು ಕಿಲೋವನ್ನು ಗುರುವಾದವೂ ಅದರ ಅಡಾಪ್ಟರೂ ನುಂಗಿದರೆ ಖರ್ಜೂರ, ಬಾದಾಮಿ, ಅಕ್ಕಂದಿರ ಸೆಂಟಿನ ಬಾಟಲಿ ಎಲ್ಲಿ ಹೋಗಬೇಕು? ಮಾವ ಫೋನಿನಲ್ಲಿ ಒಂದೇ ಮಾತು ಅಂದರು: "ಹಗೂರ ಇದ್ದದ್ದು ತರ್ತೆ." ಆರು ಪ್ರಮಾಣ, ಎಂಟು ಸೂತ್ರ ಮಾಡದ್ದನ್ನು ವಿಮಾನದ ತಕ್ಕಡಿ ಮಾಡಿತು.

ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ದುಬೈಯಿಂದ ಮಂಗಳೂರಿಗೆ ಹೊರುವವನು ಮಾವ, ಮನೆಯಿಂದ ಕಾಲೇಜಿಗೆ ಹೊರುವವನು ಮಾಣಿ, ಸಾಲದ ಕಂತು ಹೊರುವವನು ಅಪ್ಪಯ್ಯ. ಯಾರು ಎಷ್ಟು ದೂರ ಹೊರಬೇಕೆಂದು ಲೆಕ್ಕ ಹಾಕಿದವನಿಗೆ ಬೇರೆ ವಿಮರ್ಶೆ ಬೇಡ. ಹಾಸ್ಟೆಲಿನ ಮೇಜಿನ ಮೇಲೆ ನಾಲ್ಕು ವರ್ಷ ಕದಲದೆ ಕೂತು ಕ್ಯಾಡ್ ಓಡಿಸಬೇಕಾದ ಯಂತ್ರವಾದರೆ ಗುರುವೇ ಸರಿ, ಅಲ್ಲಿ ಹೊರುವ ಪ್ರಶ್ನೆಯೇ ಇಲ್ಲ. ದಿನಾ ಬಸ್ಸು ಹತ್ತಿ ಇಳಿಯುವುದಾದರೆ ಲಘುವೇ ಸರಿ.

ಲ್ಯಾಪ್‌ಟಾಪ್ ಬಂತು. ಕೀಲಿಗಳ ಮೇಲೆ ಇಂಗ್ಲಿಷಿನ ಮಗ್ಗುಲಲ್ಲಿ ಅರಬಿ ಅಕ್ಷರ, ನಮ್ಮ ಗೋಡೆಗೆ ಕೂರದ ಮೂರು ಚಪ್ಪಟೆ ಕಾಲಿನ ಪ್ಲಗ್ಗು. ಭಟ್ಕಳದ ಅಂಗಡಿಯಲ್ಲಿ ಅದಕ್ಕೆ ತಕ್ಕ ಪಿನ್ನು ಕೇಳುವ ಮೊದಲೇ ಕೊಟ್ಟರು.

ಶೇಷಪ್ರಶ್ನೆ

ಸೂತ್ರ 10: ಸೋತವನು ನಕ್ಕರೆ ಪುನರ್ವಿಚಾರ.

ವೃತ್ತಿ: ಗುರುವಾದದ ಮೂಲಪುರುಷ ಇಷ್ಟು ಸುಲಭಕ್ಕೆ ಶರಣಾದದ್ದೇಕೆ ಎಂದು ಶಾಸ್ತ್ರಕಾರನಿಗೆ ಸಂಶಯ ಹುಟ್ಟಿತು. ಶೋಧಿಸಲಾಗಿ ತಿಳಿದದ್ದು ಇಷ್ಟು. ಮಾಣಿ ಆಡುವ ಆಟ 2020ರಲ್ಲಿ ಬಂದ ವ್ಯಾಲೊರಂಟ್. ಅದು ಕನಿಷ್ಠವೆಂದು ಕೇಳುವುದು ಇಂಟೆಲ್ 2012ರಲ್ಲಿ ಪ್ರೊಸೆಸರಿನೊಳಗೇ ಇಟ್ಟು ಮಾರಿದ ಎಚ್‌ಡಿ 4000 ಗ್ರಾಫಿಕ್ಸನ್ನು. ಇಂದಿನ ಟೂ-ಇನ್-ವನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಎಐ-ಎಂಎಲ್ ಮಹಾವಾಕ್ಯ ನುಡಿಯುವ ದಿನವೇ ಮಾಣಿಗೆ ಇದು ಗೊತ್ತಿತ್ತು.

ಅದಕ್ಕಿಂತ ಗಂಭೀರವಾದದ್ದು ಪ್ರಮಾಣಗಳ ಪತನ. ಹೊಸ ಯಂತ್ರದ ಫ್ಯಾನಿನ ಸದ್ದು ಬಾಗಿಲು ದಾಟುವುದಿಲ್ಲ, ಅನುಮಾನ ಹೋಯಿತು. ಅದು ತಿನ್ನುವ ಕರೆಂಟಿಗೆ ಬಿಲ್ಲು ಶೂನ್ಯದಿಂದ ಏಳುವುದಿಲ್ಲ, ಅರ್ಥಾಪತ್ತಿ ಹೋಯಿತು. ಬಾಗಿಲು ತೆರೆದರೆ ಪರದೆ ಮಡಚಿ ಮಲಗಿರುತ್ತದೆ, ಮೇಲೆ ಪೆನ್ನು ಹಿಡಿದ ಕೈ, ಪ್ರತ್ಯಕ್ಷವೂ ಹೋಯಿತು. ಲಘುವಾದ ಗೆದ್ದಿತೆಂದು ಆಯಿ ಪಾಯಸ ಮಾಡಿದರು, ಗುರುವಾದಿ ಎರಡು ಲೋಟ ಕುಡಿದ.

ಫಲಶ್ರುತಿ

ಈ ನಿರ್ಣಯವನ್ನು ಹಬ್ಬದ ಸೇಲಿಗೆ ಮೊದಲು ಓದುವವರು ಸ್ಟಿಕರಿಗೆ ಮರುಳಾಗರು, ಅಡಾಪ್ಟರನ್ನು ತೂಗುವರು, ವಾಟ್ ಕೇಳುವರು, 8 ಜಿಬಿಯನ್ನು ದೂರ ಇಡುವರು. ಮಕ್ಕಳು ಓದಿದರೆ ಹತ್ತನೆಯ ಸೂತ್ರವನ್ನು ಹಿರಿಯರಿಗೆ ತೋರಿಸದಿರುವರು. ಅಪ್ಪಯ್ಯನ ಕೈಯಲ್ಲಿ ಉಳಿದ ಪ್ರಮಾಣ ಒಂದೇ, ಮಾರ್ಕ್ಸ್‌ಕಾರ್ಡು. ಸೆಮಿಸ್ಟರಿಗೊಮ್ಮೆ ಮಾತ್ರ ಸಿಗುವ ಆ ಪ್ರಮಾಣ ಬಂದ ಕೂಡಲೇ ಗ್ರಂಥದ ಎರಡನೆಯ ಸಂಪುಟ ಆರಂಭವಾಗುತ್ತದೆ. ಅದರಲ್ಲಿ ಸೂತ್ರಕಾರ ಅಪ್ಪಯ್ಯ, ವೃತ್ತಿಕಾರ ಆಯಿ. ಪೂರ್ವಪಕ್ಷಕ್ಕೆ ಮಾತಾಡಲು ಅವಕಾಶವಿರುವುದಿಲ್ಲ.