ಪೂಜೆಗಿಟ್ಟ ಪುಸ್ತಕ

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ನಮ್ಮ ಮನೆಗಳಲ್ಲಿ ಪುಸ್ತಕ ಪೂಜೆಗಿಡುತ್ತೇವೆ. ಮಕ್ಕಳಿಗೆ ಅಷ್ಟು ಪ್ರಿಯವಾದ ಶಾಸ್ತ್ರ ಇನ್ನೊಂದಿಲ್ಲ. ಗಣಿತದ ಪುಸ್ತಕವನ್ನೇ ಎಲ್ಲಕ್ಕಿಂತ ಮೊದಲು ತಂದಿಡುತ್ತಾರೆ. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ವಿಜಯದಶಮಿಯ ದಿನ ಅಜ್ಜಿ ಪುಸ್ತಕ ಎತ್ತಿಕೊಟ್ಟು ಎರಡು ಸಾಲು ಓದಿಸುತ್ತಾಳೆ. ಅಲ್ಲಿಗೆ ಆಟ ಮುಗಿಯಿತು.

2020ರಲ್ಲಿ ಸರ್ಕಾರಗಳೂ ಪುಸ್ತಕ ಪೂಜೆಗಿಟ್ಟವು. ಕೊರೊನಾ ಬಂತೆಂದು ಶಾಲೆ ಮುಚ್ಚಿ, ಮಾರ್ಚಿನಲ್ಲೇ ಇಟ್ಟವು. ಎತ್ತಿಕೊಡಲು ಅಜ್ಜಿ ಇರಲಿಲ್ಲ.

ವಿಜಯವಾಡದ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಗೆ ಮೂಲಾ ನಕ್ಷತ್ರದಂದು ಸರಸ್ವತಿಯ ಅಲಂಕಾರ. ವರ್ಷ ವರ್ಷವೂ ಆ ದಿನ ಬೆಟ್ಟದ ತುಂಬ ವಿದ್ಯಾರ್ಥಿಗಳು. 2020ರಲ್ಲಿ ಆ ದಿನ ಬಂದದ್ದು ಅಕ್ಟೋಬರ್ 21ಕ್ಕೆ. ದಸರೆಗೆ ದಿನಕ್ಕೆ 10,000 ಭಕ್ತರ ಮಿತಿ, ಆನ್‌ಲೈನ್ ಟಿಕೆಟ್, ಮುಖಕ್ಕೆ ಮಾಸ್ಕ್. ಎಲ್ಲ ಸರಿ. ಸರಸ್ವತಿಯ ದರ್ಶನಕ್ಕೆ ವ್ಯವಸ್ಥೆ ಇತ್ತು. ಸರಸ್ವತಿ ಕಲಿಸುವ ಜಾಗಕ್ಕೆ ಬೀಗ ಇತ್ತು.

ಅಂದು ಆಂಧ್ರದ ಆಗಿನ ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ದೇವಿಗೆ ರೇಷ್ಮೆ ವಸ್ತ್ರ ಒಪ್ಪಿಸಲು ಬರುವವರಿದ್ದರು. ಅವರು ಬರುವ ಸ್ವಲ್ಪ ಮುಂಚೆ ಬೆಟ್ಟದಿಂದ ಬಂಡೆಗಳು ಉರುಳಿದವು. ಮಳೆಗೆ ಮಣ್ಣು ಸಡಿಲವಾಗಿತ್ತಂತೆ. ಇರಬಹುದು. ಮುಖ್ಯಮಂತ್ರಿ ಬಂದರು, ವಸ್ತ್ರ ಒಪ್ಪಿಸಿದರು. ಬೆಟ್ಟ ಉರುಳಿದರೂ ನಿಲ್ಲದ್ದು ಒಂದಿದೆ ಎಂದರೆ ಅದು ಕಾರ್ಯಕ್ರಮ.

ಯಾವುದರ ಬಾಗಿಲು ಮೊದಲು ತೆರೆಯಿತು ಎಂದು ಲೆಕ್ಕ ಹಾಕಿ ನೋಡಿ. ಮೇ 4ಕ್ಕೆ ಮದ್ಯದಂಗಡಿ. ಜೂನ್ 8ಕ್ಕೆ ದೇವಸ್ಥಾನ. ಅಕ್ಟೋಬರ್ 15ರಿಂದ ಸಿನಿಮಾಕ್ಕೂ ಕೇಂದ್ರದ ಅನುಮತಿ. ಆಂಧ್ರದ ಶಾಲೆಗಳು ನವೆಂಬರ್ 2ಕ್ಕೆ, ಅದೂ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ. ಒಂದನೇ ತರಗತಿಯ ಕೂಸಿಗೆ ಮರುವರ್ಷದ ಫೆಬ್ರುವರಿ. ಒಂದು ಸಮಾಜಕ್ಕೆ ಯಾವುದು ಜೀವನಾವಶ್ಯಕ ಎಂದು ತಿಳಿಯಲು ಸಮಾಜಶಾಸ್ತ್ರ ಓದಬೇಕಿಲ್ಲ. ಈ ತಾರೀಖುಗಳನ್ನು ಓದಿದರೆ ಸಾಕು.

ಮೇಷ್ಟ್ರುಗಳು ಎಲ್ಲಿದ್ದರು ಎನ್ನುತ್ತೀರಾ? ಡ್ಯೂಟಿಯಲ್ಲಿದ್ದರು. ಮದ್ಯದಂಗಡಿ ತೆರೆದಾಗ ವಿಶಾಖಪಟ್ಟಣದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರನ್ನು ಅಂಗಡಿಗಳ ಮುಂದೆ ಜನಜಂಗುಳಿ ಸಂಭಾಳಿಸಲು ನಿಲ್ಲಿಸಿದರು. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲ ಸ್ವಾಮಿ, ಪತ್ರಿಕೆಗಳಲ್ಲಿ ಫೋಟೋ ಸಮೇತ ಬಂದದ್ದು. ಪ್ರಾರ್ಥನೆಗೆ ಸಾಲು ನಿಲ್ಲಿಸಿ ಅಭ್ಯಾಸವಿದ್ದವರಲ್ಲವೇ, ಅನುಭವ ಹಾಳಾಗಬಾರದು ಎಂದು ಯಾರೋ ಅಧಿಕಾರಿ ಯೋಚಿಸಿರಬೇಕು. ಸಾಲಿನಲ್ಲಿ ಹಳೆಯ ವಿದ್ಯಾರ್ಥಿಗಳೂ ಸಿಕ್ಕಿರಬೇಕು. ‘ನಮಸ್ಕಾರ ಸಾರ್’ ಎಂದಿರಬೇಕು. ಐದು ವರ್ಷ ಪಾಠ ಮಾಡಿದ್ದಕ್ಕೆ ಸಿಕ್ಕ ಗುರುವಂದನೆ.

ಆಗ ಅಲ್ಲಿ ಮದ್ಯದಂಗಡಿಯೂ ಸರ್ಕಾರದ್ದೇ ಆಗಿತ್ತು. ಪಾನನಿಷೇಧ ತರುತ್ತೇವೆ ಎಂದು ಓಟು ಕೇಳಿದ ಸರ್ಕಾರದ್ದು. ಕುಡಿತ ಬಿಡಿಸುವ ಸಲುವಾಗಿ ಮೊದಲ ದಿನ ಶೇ. 25 ಬೆಲೆ ಏರಿಸಿದರು. ಮರುದಿನ ಮತ್ತೆ ಶೇ. 50. ಅಂಗಡಿ ಸರ್ಕಾರದ್ದು, ಕಾವಲಿಗೆ ನಿಂತ ಮೇಷ್ಟ್ರು ಸರ್ಕಾರದವರು. ಗಿರಾಕಿಯೊಬ್ಬ ಮಾತ್ರ ಖಾಸಗಿ.

ಮಕ್ಕಳಿಗೆ ಏನೂ ಕೊಡಲಿಲ್ಲ ಎಂದು ಯಾರೂ ದೂರುವಂತಿಲ್ಲ. ಅಕ್ಟೋಬರ್ 8ಕ್ಕೆ ಕೃಷ್ಣಾ ಜಿಲ್ಲೆಯ ಪುನಾದಿಪಾಡುವಿನಲ್ಲಿ ‘ಜಗನನ್ನ ವಿದ್ಯಾ ಕಾನುಕ’ ಶುರುವಾಯಿತು. ಬ್ಯಾಗು, ಪುಸ್ತಕ, ಸಮವಸ್ತ್ರದ ಬಟ್ಟೆ, ಬೆಲ್ಟು, ಶೂ, ಸಾಕ್ಸು. ಎಲ್ಲವೂ ಬಂತು, ಹಾಕಿಕೊಂಡು ಹೋಗಲು ಶಾಲೆಯೊಂದು ಬಿಟ್ಟು. ಬೆಳೆಯುವ ಮಕ್ಕಳ ಪಾದ ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ. ಶಾಲೆ ತೆರೆಯುವ ಹೊತ್ತಿಗೆ ಎಷ್ಟು ಮನೆಯಲ್ಲಿ ಅಣ್ಣನ ಹೊಸ ಶೂ ತಮ್ಮನ ಕಾಲಿಗೆ ಹೋಗಿತ್ತೋ.

ಕಟ್ಟಡಗಳೂ ಚಂದವಾದವು. ‘ನಾಡು-ನೇಡು’ ಯೋಜನೆಯ ಮೊದಲ ಹಂತದಲ್ಲಿ 15,715 ಶಾಲೆಗಳಿಗೆ ಬಣ್ಣ, ಬೆಂಚು, ಫ್ಯಾನು, ಶೌಚಾಲಯ. ನಿಜಕ್ಕೂ ಒಳ್ಳೆಯ ಕೆಲಸ, ಅದನ್ನು ಒಪ್ಪಬೇಕು. ಶೌಚಾಲಯ ಚೊಕ್ಕಟವಾಗಿದೆಯೇ ಎಂದು ದಿನಾ ಫೋಟೋ ತೆಗೆದು ಆ್ಯಪ್‌ಗೆ ಏರಿಸುವ ಕೆಲಸ ಆಮೇಲೆ ಯಾರ ಹೆಗಲಿಗೆ ಬಿತ್ತು? ನೀವೇ ಹೇಳಿ. ಮೇಷ್ಟ್ರೇ.

ಇನ್ನು ಚುನಾವಣೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಎರಡೂ ಕಾಲ ಒಬ್ಬರಿಗೇ. 2020ರ ಮಾರ್ಚಿನಲ್ಲಿ ಚುನಾವಣಾ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಸೋಂಕಿನ ಕಾರಣ ಕೊಟ್ಟು ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಂದೂಡಿದರು. ಮುಖ್ಯಮಂತ್ರಿ ಸಿಡಿದರು. ಪ್ಯಾರಾಸಿಟಮಾಲ್ ಇದೆ, ಬ್ಲೀಚಿಂಗ್ ಪೌಡರ್ ಇದೆ, ಅಂಜಿಕೆ ಏಕೆ ಎಂಬ ಧಾಟಿ. ಚಳಿಗಾಲ ಬಂತು. ಈಗ ಅದೇ ಆಯುಕ್ತರು ಚುನಾವಣೆ ನಡೆಸೋಣ ಎಂದರು. ಅದೇ ಸರ್ಕಾರ ಅಯ್ಯೋ ಕೊರೊನಾ ಎಂದಿತು. ಅಷ್ಟರಲ್ಲಿ ಅದೇ ಸರ್ಕಾರ ಪ್ರೌಢಶಾಲೆಯ ಬಾಗಿಲು ತೆರೆದೂ ಆಗಿತ್ತು. ಮತಗಟ್ಟೆಯಲ್ಲಿ ಅಂಟುವ ರೋಗ ತರಗತಿಯಲ್ಲಿ ಅಂಟುವುದಿಲ್ಲ, ಮತಗಟ್ಟೆ ಅದೇ ತರಗತಿಯೊಳಗಿದ್ದರೂ. ಕೊನೆಗೆ ಸುಪ್ರೀಂ ಕೋರ್ಟ್ ಬೈದ ಮೇಲೆ 2021ರ ಫೆಬ್ರುವರಿಯಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು. ಎಣಿಕೆಗೆ, ಶಾಯಿ ಹಚ್ಚುವುದಕ್ಕೆ ಮತ್ತೆ ಮೇಷ್ಟ್ರು.

ಆಂಧ್ರದ ಕಥೆ ಓದಿ ನಗುತ್ತಿದ್ದೀರಾದರೆ ಸ್ವಲ್ಪ ತಡೆಯಿರಿ.

ನಮ್ಮ ಕರ್ನಾಟಕದ ಘನ ಸರ್ಕಾರ 2020ರ ಜೂನಿನಲ್ಲಿ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು. ಶಾಲೆಯೂ ಇಲ್ಲ, ಫೋನೂ ಬೇಡ. ಹೈಕೋರ್ಟ್ ಜುಲೈನಲ್ಲಿ ಅದಕ್ಕೆ ತಡೆ ಕೊಟ್ಟಿತು. ಆಮೇಲೆ ‘ವಿದ್ಯಾಗಮ’ ಬಂತು. ಅರಳಿಕಟ್ಟೆ, ಗುಡಿಯ ಜಗುಲಿ, ಮರದ ನೆರಳು. ಗಾಳಿಯಾಡುವ ಕೋಣೆಗಳಿರುವ ಶಾಲೆಗೆ ಬೀಗ, ಅದರ ಎದುರಿನ ಜಗುಲಿಯಲ್ಲಿ ಪಾಠ. ಸೋಂಕಿನ ಸುದ್ದಿ ಬಂದೊಡನೆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ನಿಲ್ಲಿಸಿ ಏನು ಮಾಡಿದರು? ಅಕ್ಟೋಬರ್ 12ರಿಂದ 30ರವರೆಗೆ ಮಧ್ಯಂತರ ರಜೆ ಘೋಷಿಸಿದರು. ಏಳು ತಿಂಗಳಿಂದ ಮುಚ್ಚಿದ ಶಾಲೆಗೆ ದಸರಾ ರಜೆ. ಉಪವಾಸ ಬಿದ್ದವನಿಗೆ ಏಕಾದಶಿ ಆಚರಿಸು ಎಂದ ಹಾಗೆ.

ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ. ಮತಗಟ್ಟೆ ಎಲ್ಲಿ? ಶಾಲೆಯಲ್ಲಿ. ಬೀಗದ ಕೈ ಸಿಕ್ಕಿತು ನೋಡಿ! ಹತ್ತನೇ ತರಗತಿಯವರನ್ನು ಆ ಕೋಣೆಗೆ ಬಿಟ್ಟದ್ದು ಜನವರಿ 1ಕ್ಕೆ, ಅಪ್ಪ ಅಮ್ಮ ಅದೇ ಕೋಣೆಯಲ್ಲಿ ಓಟು ಹಾಕಿ ಹೋದ ಮೇಲೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25. ಹತ್ತೊಂಬತ್ತು ತಿಂಗಳು. ಒಂದನೇ ತರಗತಿಯಲ್ಲಿ ಅ ಆ ಬಿಟ್ಟುಹೋದ ಮಗು ಮೂರನೇ ತರಗತಿಗೆ ಬಂದು ಕೂತಿತು. ಮಕ್ಕಳಿಗೆ ಓಟಿಲ್ಲ. ಇಡೀ ರಹಸ್ಯ ಇಷ್ಟೇ.

ಮನೆಯಲ್ಲಿ ಏನಾಯಿತು? ಒಂದು ಫೋನು, ಮೂರು ಮಕ್ಕಳು. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಕೂಲಿಗೆ. 2021ರಲ್ಲಿ ಹದಿನೈದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳಲ್ಲಿ ನಡೆದ ‘ಸ್ಕೂಲ್’ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ನಿಯಮಿತವಾಗಿ ಆನ್‌ಲೈನ್ ಕಲಿಯುತ್ತಿದ್ದ ಮಕ್ಕಳು ಶೇ. 8. ಏನೂ ಓದದೇ ಇದ್ದವರು ಶೇ. 37. ‘ಡಿಜಿಟಲ್ ಕ್ರಾಂತಿ’ ಎಂದು ಆಗ ವೆಬಿನಾರ್ ನಡೆಸಿದ ಮಹನೀಯರ ಮೊಮ್ಮಕ್ಕಳು ಆ ಶೇ. 8ರಲ್ಲೂ ಇರಲಿಲ್ಲ. ಅವರು ಈ ಲೆಕ್ಕದ ಆಚೆಗಿನವರು.

ಖಾಸಗಿ ಶಾಲೆಯ ಮೇಷ್ಟ್ರುಗಳ ಪಾಡು ಕೇಳಬೇಡಿ. ಆಂಧ್ರ ಸರ್ಕಾರ ಬೋಧನಾ ಶುಲ್ಕದ ಶೇ. 70 ಮಾತ್ರ ವಸೂಲಿ ಮಾಡಿ ಎಂದಿತು. ಪೋಷಕರಿಗೆ ಅಷ್ಟು ಕಟ್ಟಲೂ ಆಗಲಿಲ್ಲ. ಆಡಳಿತ ಮಂಡಳಿ ಕತ್ತರಿ ಹಾಕಿದ್ದು ಮಾತ್ರ ಸಂಬಳಕ್ಕೆ. ಕಪ್ಪುಹಲಗೆಯ ಮುಂದೆ ನಿಂತಿದ್ದವರು ತಳ್ಳುಗಾಡಿಯ ಹಿಂದೆ ನಿಂತು ಬಾಳೆಹಣ್ಣು ಮಾರಿದರು. ನಾವು ಆ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹಂಚಿ, ಕೈ ಮುಗಿಯುವ ಚಿತ್ರ ಹಾಕಿ ಮಲಗಿದೆವು. ಹಣ್ಣು ಕೊಂಡವರೆಷ್ಟು ಜನ?

ಪಾಠ ನಡೆಯದಿದ್ದರೂ ಪರೀಕ್ಷೆ ನಡೆಯಲೇಬೇಕೆಂಬ ಹಟ ಬೇರೆ. 2021ರಲ್ಲಿ ದೇಶದ ಬಹುತೇಕ ರಾಜ್ಯಗಳು ಪರೀಕ್ಷೆ ಬಿಟ್ಟವು. ಆಂಧ್ರ ಬಿಡಲಿಲ್ಲ. ಜೂನ್ 24ರಂದು ಸುಪ್ರೀಂ ಕೋರ್ಟ್ ಗದರಿತು. ಒಬ್ಬ ವಿದ್ಯಾರ್ಥಿ ಸತ್ತರೂ 1 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕಾದೀತು ಎಂದಿತು. ಅದೇ ದಿನ ಪರೀಕ್ಷೆ ರದ್ದಾಯಿತು. ಜೀವದ ಬೆಲೆ ಅರ್ಥವಾಗದವರಿಗೆ ಕೋಟಿಯ ಬೆಲೆ ಕೂಡಲೇ ಅರ್ಥವಾಯಿತು.

ಹೀಗೆ ಎರಡು ವರ್ಷ ಎಲ್ಲರೂ ಪಾಸು. ಮೂರನೇ ವರ್ಷ ನಿಜವಾದ ಪರೀಕ್ಷೆ ನಡೆಯಿತು. 2022ರ ಜೂನ್ 6ಕ್ಕೆ ಆಂಧ್ರದ ಹತ್ತನೇ ತರಗತಿಯ ಫಲಿತಾಂಶ ಬಂತು. 2019ರಲ್ಲಿ ಶೇ. 94.88 ಇದ್ದದ್ದು ಶೇ. 67.26ಕ್ಕೆ ಇಳಿದಿತ್ತು. ಸುಮಾರು 2 ಲಕ್ಷ ಮಕ್ಕಳು ಫೇಲು. ವಿರೋಧ ಪಕ್ಷ ಸರ್ಕಾರವನ್ನು ಬೈಯಿತು, ಸರ್ಕಾರ ಕೊರೊನಾವನ್ನು ಬೈಯಿತು. ಹೆತ್ತವರು ಮಕ್ಕಳನ್ನು ಬೈದರು. ಮಕ್ಕಳಿಗೆ ಬೈಯಲು ಯಾರೂ ಉಳಿದಿರಲಿಲ್ಲ.

ಹಾಗೆಂದು ಸರ್ಕಾರ ಸುಮ್ಮನೆ ಕೂರಲಿಲ್ಲ. ಐದು ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಿತು. ಒಳಗೆ ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿಯ ಪಾಠಗಳು. ಆ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು, ಅದು ಬೇರೆ ಮಾತು.

ಫೇಲಾದ ಆ ಮಕ್ಕಳು, ಶಾಲೆ ಮುಚ್ಚಿದ ಮಾರ್ಚಿನಲ್ಲಿ ಎಂಟನೇ ತರಗತಿಯಲ್ಲಿದ್ದವರು. ಟ್ಯಾಬ್ ಕೊಟ್ಟದ್ದೂ ಎಂಟನೇ ತರಗತಿಯವರಿಗೇ. ದಿನಾಂಕ 2022ರ ಡಿಸೆಂಬರ್ 21, ಮುಖ್ಯಮಂತ್ರಿಯ ಹುಟ್ಟುಹಬ್ಬ. ಅಂದು ಆಂಧ್ರದಲ್ಲಿ ಎಲ್ಲ ಶಾಲೆಗಳೂ ತೆರೆದಿದ್ದವು.