ಮ ಒತ್ತು ಕಾಣೆಯಾಗಿದೆ

ನಮ್ಮ ಮನೆಯಲ್ಲಿ ಕಾಗದ ಕತ್ತರಿಸುವ ಯಂತ್ರ ಉಂಟು ಎಂದರೆ ಜನ ಮೊದಲು ಕೇಳುವುದು, ‘ಯಾಕೆ, ಕತ್ತರಿ ಇಲ್ವಾ?’ ಎಂದೇ. ಕತ್ತರಿ ಇದೆ. ಹೊಲಿಗೆಗೆ ಒಂದು, ಅಡುಗೆಮನೆಗೆ ಒಂದು, ಬೇಕಾದಾಗ ಸಿಗದೇ ಇರುವುದಕ್ಕೆ ಒಂದು. ಆದರೂ ಯಂತ್ರ ಬಂದಿದೆ. ಅದರ ಬೆಲೆಯೆಂದು ನಾನು ಗಂಡನಿಗೆ ಹೇಳಿದ್ದು ಒಂದು, ಅತ್ತಿಗೆಗೆ ಹೇಳಿದ್ದು ಇನ್ನೊಂದು, ಬ್ಯಾಂಕಿನವರಿಗೆ ಗೊತ್ತಿರುವುದು ಮತ್ತೊಂದು. ಮೂರೂ ಕಡೆಯವರು ಪತ್ರಿಕೆ ಓದುವವರಾದ್ದರಿಂದ ಆ ಸಂಗತಿಯನ್ನು ಇಲ್ಲಿಗೇ ಬಿಡುತ್ತೇನೆ.

ಇಷ್ಟಕ್ಕೆಲ್ಲ ಕಾರಣ ಒಂದು ಹಿಮಸಾರಂಗ. ಡಿಸೆಂಬರ್ 24ರ ರಾತ್ರಿ ದೇವಾಲಯದಿಂದ ಬಂದು ಫೋನು ತೆರೆದರೆ ಅದು ಕೆಂಪು ಮೂಗು ಮಿನುಗಿಸುತ್ತಾ ಕುಣಿಯುತ್ತಿರುತ್ತದೆ. ಅದೇ ಸಾರಂಗ ದುಬೈಯಿಂದಲೂ ಬರುತ್ತದೆ, ಹುಬ್ಬಳ್ಳಿಯಿಂದಲೂ ಬರುತ್ತದೆ, ಅರ್ಧ ಗಂಟೆಯ ಹಿಂದೆ ಆರಾಧನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಆಕಳಿಸುತ್ತಿದ್ದವರಿಂದಲೂ ಬರುತ್ತದೆ. ಮಂಗಳೂರಿನ ಸೆಕೆಗೆ ಫ್ಯಾನನ್ನು ಐದರಲ್ಲಿಟ್ಟು ಕೂತವರು ಹಿಮ ಸುರಿಯುವ ಚಿತ್ರ ಕಳಿಸುವುದನ್ನಾದರೂ ಕ್ಷಮಿಸಬಹುದು. ಅದರ ನೆತ್ತಿಯ ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಚೀಟಿಯನ್ನೂ ಬಿಡದೆ ಕಳಿಸುತ್ತಾರಲ್ಲ, ಅದನ್ನು ಎಂತ ಮಾಡುವುದು? ಊರೆಲ್ಲ ಸುತ್ತಿ ಮುಗಿದ ಮೇಲೆ ನಮ್ಮ ನೆನಪಾಯಿತು ಎಂದು ಬರೆದೇ ಕೊಟ್ಟ ಹಾಗಾಯಿತು. ಆ ಸಿಟ್ಟು ತಲೆಗೇರಿ, ‘ಬರುವ ವರ್ಷ ನಾನು ಕೈಯಾರೆ ಮಾಡಿದ ಕಾರ್ಡನ್ನೇ ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತೇನೆ’ ಎಂದು ಸಭೆಯ ಸ್ತ್ರೀಯರ ಕೂಟದಲ್ಲಿ ಘೋಷಿಸಿಬಿಟ್ಟೆ. ಚಪ್ಪಾಳೆಯೂ ಬಿತ್ತು. ಯಂತ್ರದ ವಿಷಯ ಆಗ ಹೇಳಲಿಲ್ಲ. ಅದನ್ನು ಹೇಳಿದವರು ನಮ್ಮ ಅತ್ತಿಗೆ.

‘ಮಿಷನ್ ಮಾಡಿದ್ದು ಕೈಯಾರೆ ಹೇಗಾಗ್ತದೆ?’

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಲಂಡನ್ನಿನವರೆಗೆ ಹೋಗಬೇಕಾಯಿತು, ಪುಸ್ತಕದಲ್ಲಿ. ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಪುರುಸೊತ್ತಿಲ್ಲದವರ ಉಪಾಯವಾಗಿ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದೇ ಪೆನ್ನಿಗೆ ಕಾಗದ ಕಳಿಸುವ ಪದ್ಧತಿ ಬಂತು. ಬಂದದ್ದೇ ತಡ, ಎಲ್ಲರೂ ಎಲ್ಲರಿಗೂ ಬರೆಯಲು ಶುರುಮಾಡಿದರು. ಆ ಅಂಚೆ ಸುಧಾರಣೆಗೆ ದುಡಿದ ಹೆನ್ರಿ ಕೋಲ್ ಎಂಬ ಸಾಹೇಬರ ಮೇಜಿನ ಮೇಲೇ ಉತ್ತರಿಸಬೇಕಾದ ಕಾಗದಗಳು ರಾಶಿ ಬಿದ್ದವು. ಮಾಡಿದ್ದುಣ್ಣೋ ಮಹರಾಯ. 1843ರಲ್ಲಿ ಅವರು ಜಾನ್ ಹಾರ್ಸ್‌ಲಿ ಎಂಬ ಕಲಾವಿದ ಮಿತ್ರರಿಂದ ಒಂದು ಚಿತ್ರ ಬರೆಸಿ, 1000 ಪ್ರತಿ ಕಲ್ಲಚ್ಚಿನಲ್ಲಿ ಹೊಡೆಸಿ, ಕೈಯಲ್ಲಿ ಬಣ್ಣ ತುಂಬಿಸಿ, ತಮಗೆ ಬೇಕಾದಷ್ಟನ್ನು ಹಂಚಿ, ಉಳಿದದ್ದನ್ನು ಒಂದೊಂದು ಶಿಲ್ಲಿಂಗಿಗೆ ಮಾರಾಟಕ್ಕಿಟ್ಟರು. ಚಿತ್ರದಲ್ಲಿ ಇಡೀ ಕುಟುಂಬ ವೈನಿನ ಲೋಟ ಎತ್ತಿದೆ. ಒಂದು ಪುಟ್ಟ ಮಗುವಿಗೂ ಕುಡಿಸುತ್ತಿದ್ದಾರೆ. ಮದ್ಯವಿರೋಧಿಗಳು ಕೆರಳಿದರು. ನಮ್ಮ ಸಭೆಯಲ್ಲಾಗಿದ್ದರೆ ವಿಚಾರಣೆಗೆ ಒಂದು ಸಮಿತಿಯಾಗಿ, ಅದರ ವರದಿ ಈಸ್ಟರಿನವರೆಗೂ ಬರುತ್ತಿರಲಿಲ್ಲ.

ಅಂದಮೇಲೆ ಮೊತ್ತಮೊದಲ ಕಾರ್ಡಿನಲ್ಲೇ ಅಚ್ಚು ಯಂತ್ರದ್ದು, ಬಣ್ಣ ಕೈಯದ್ದು. ಇಷ್ಟು ಸಾಲದೆಂದು ಅತ್ತಿಗೆಯ ಮುಂದೆ ಇನ್ನೊಂದು ಎಲೆಯನ್ನೂ ಇಳಿಸಿದೆ: ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ, ಅದೂ ಕಲ್ಲಚ್ಚೇ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ವಾದಕ್ಕೆ ಕೂತಾಗ ಇಸವಿ ಹೇಳಿದರೆ ಎದುರಿನವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಯಂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಅದು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ. ಹನ್ನೆರಡು ಇಂಚಿನ ಒಂದು ಅಂಟು ಮ್ಯಾಟು. ಅದರ ಮೇಲೆ 250 ಜಿಎಸ್‌ಎಂನ ದಪ್ಪ ಹಾಳೆಯನ್ನು ಒತ್ತಿ ಕೂರಿಸಿ ಬಾಯಿಗೆ ಕೊಟ್ಟರೆ, ಯಂತ್ರ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ತಳ್ಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟೂ ಇಲ್ಲದ ಬ್ಲೇಡಿನ ತುದಿ ನಕ್ಷತ್ರದ ಮೂಲೆಗೆ ಬಂದಾಗ ಗಕ್ಕನೆ ನಿಂತು, ತಿರುಗಿ, ಮುಂದೆ ಹೋಗುತ್ತದೆ. ಹೊಸ ಮ್ಯಾಟಿನ ಅಂಟು ಜಾಸ್ತಿ. ಮೊದಲು ನೈಟಿಗೆ ನಾಲ್ಕು ಸಲ ಒತ್ತಿ ಸೊಕ್ಕು ಇಳಿಸಬೇಕು. ಕತ್ತರಿಸಿಯಾದ ಮೇಲೆ ಹಾಳೆಯನ್ನು ಮ್ಯಾಟಿನಿಂದ ಕಿತ್ತರೆ ಸುರುಳಿ ಸುತ್ತಿಕೊಳ್ಳುತ್ತದೆ. ಎಲ್ಲವನ್ನೂ ಕವುಚಿ ಹಾಕಿ ಮ್ಯಾಟನ್ನೇ ಹಾಳೆಯಿಂದ ಬಗ್ಗಿಸಿ ಎಬ್ಬಿಸಬೇಕು. ಬ್ಲೇಡು ಮೊಂಡಾಯಿತೆನಿಸಿದರೆ ಅಲ್ಯೂಮಿನಿಯಂ ಫಾಯಿಲಿನ ಉಂಡೆಗೆ ಚುಚ್ಚಿ ಚುಚ್ಚಿ ತೆಗೆಯಬೇಕು. ಇಷ್ಟೆಲ್ಲ ಕಲಿತಾಗ ನನಗೆ ಐವತ್ತೈದು ದಾಟಿತ್ತು. ಈ ಉತ್ಸಾಹ ಗಣಿತದ ಮೇಲೆ ಬಂದಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಚಿತ್ರದಲ್ಲಿ ಹಿಮ ಇಲ್ಲ, ಸಾರಂಗವಂತೂ ಇಲ್ಲವೇ ಇಲ್ಲ. ಒಂದು ನಕ್ಷತ್ರ, ಎರಡು ತೆಂಗಿನಮರ, ಗೋದಲಿ, ಅದರ ಕೆಳಗೆ ಬಂಗಾರದ ಹಾಳೆಯಲ್ಲಿ ಕತ್ತರಿಸಿ ಅಂಟಿಸಿದ ‘ಕ್ರಿಸ್ಮಸ್ ಶುಭಾಶಯಗಳು’. ನಕ್ಷತ್ರ ಬಂತು, ಮರ ಬಂತು, ಗೋದಲಿ ಬಂತು. ಕನ್ನಡ ಬರಲಿಲ್ಲ.

ಯಂತ್ರದ ಜತೆಗೆ ಬರುವ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪು ಮಾಡಿದರೆ ಅದು ಎಲ್ಲ ಅಕ್ಷರವನ್ನೂ ಸಾಲಾಗಿ ನಿಲ್ಲಿಸಿತು: ಕ್, ರಿ, ಸ್, ಮ, ಸ್. ಒತ್ತು ಎಂಬುದು ಉಂಟೆಂದೇ ಅದಕ್ಕೆ ಗೊತ್ತಿರಲಿಲ್ಲ. ‘ಪೇಪರಿನವರು ಸ ಅರ್ಧ ಮಾಡಿ ಮ ಬಿಡಿಸಿ ಬರೀತಾರಲ್ಲ, ಹಾಗೇ ಮಾಡು’ ಎಂದರು ಗಂಡ. ಹಾಗೆ ಮಾಡಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು. ಆದರೆ ನಾನು ಒತ್ತಕ್ಷರದ ಕಾಪಿ ಬರೆದು ಬೆಳೆದವಳು. ಯಂತ್ರಕ್ಕೆ ಹೆದರಿ ಸ ಕಾರದ ಕೆಳಗಿನ ಮ ಒತ್ತು ಬಿಡುವವಳಲ್ಲ. ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ, ಯಂತ್ರಕ್ಕೆ ಉಣಿಸಿದೆ. ತನಗೆ ತಿನ್ನಿಸುತ್ತಿರುವುದು ಕನ್ನಡವೆಂದು ಗೊತ್ತಾಗದೆ ಅದು ಚೊಕ್ಕವಾಗಿ ಕತ್ತರಿಸಿ ಕೊಟ್ಟಿತು.

ಆಗ ಶುರುವಾಯಿತು. ಇಂಗ್ಲಿಷಿನ ಕೂಡಕ್ಷರವಾದರೆ ಒಂದಕ್ಕೊಂದು ಬೆಸೆದು ಇಡೀ ಪದ ಒಂದೇ ತುಂಡಾಗಿ ಕೈಗೆ ಬರುತ್ತದೆ. ಕನ್ನಡದ ಒತ್ತು ಮೇಲಿನ ಅಕ್ಷರಕ್ಕೆ ತಾಗುವುದಿಲ್ಲ. ಕಾಗದದ ಮೇಲೆ ಬರೆದಾಗ ಇದು ನಮ್ಮ ಗಮನಕ್ಕೇ ಬರುವುದಿಲ್ಲ. ಮೊಗ್ಲಿಂಗರ ಕಲ್ಲಿನ ಮೇಲೆ ಬರೆದ ಒತ್ತು ಬರೆದಲ್ಲೇ ಕೂತಿರುತ್ತಿತ್ತು. ನನ್ನ ಒತ್ತುಗಳು ಸ್ವತಂತ್ರ. ಉದ್ದಿನಬೇಳೆಯಷ್ಟು ಅಗಲದ, ಬಂಗಾರದ ಬಣ್ಣದ, ಗಾಳಿಗೆ ಹಾರುವ ಒತ್ತುಗಳು. ಒಂದು ಕಾರ್ಡಿಗೆ ಒಂದು ರ ಒತ್ತು, ಒಂದು ಮ ಒತ್ತು. ಎಲ್ಲವನ್ನೂ ಎರಡು ಸ್ಟೀಲ್ ಬಟ್ಟಲಲ್ಲಿ ಬೇರೆ ಬೇರೆ ಹಾಕಿಟ್ಟು, ಚಿಮಟದಲ್ಲಿ ಎತ್ತಿ, ಟೂತ್‌ಪಿಕ್ಕಿನಿಂದ ಫೆವಿಕಾಲ್ ಸವರಿ, ಉಸಿರು ಬಿಗಿಹಿಡಿದು ಅಂಟಿಸುತ್ತಾ ಕೂತಿದ್ದೆ. ಸೆಕೆ. ಫ್ಯಾನು ಹಾಕುವ ಹಾಗಿಲ್ಲ. ಗಂಡ ಬಂದವರು, ‘ಎಂತ ಮಾರಾಯ್ತಿ, ಹೀಗೆ ಬೆವರುದು?’ ಎಂದು ಕನಿಕರದಿಂದ ಸ್ವಿಚ್ಚು ಒತ್ತಿದರು.

ಒತ್ತುಗಳು ಎದ್ದವು. ಸೋಫಾದ ಸಂದಿಗೆ ಹೋದವು, ಮೀನು ಹುರಿದಿಟ್ಟ ಪಾತ್ರೆಯ ಮುಚ್ಚಳದ ಮೇಲೆ ಕೂತವು, ಒಂದಷ್ಟು ಟಿ.ವಿ.ಯ ಬೆನ್ನಿಗೆ ಸೇರಿದವು. ಇಬ್ಬರೂ ಮೊಣಕಾಲೂರಿ ಟಾರ್ಚು ಹಿಡಿದು ಹುಡುಕಿದೆವು. ಸಿಕ್ಕಿದ್ದನ್ನೆಲ್ಲ ಅವರು ಒಂದೇ ಬಟ್ಟಲಿಗೆ ಹಾಕಿದರು. ಈಗ ಯಾವುದು ರ, ಯಾವುದು ಮ? ಎರಡೂ ಕೊಕ್ಕೆಯೇ, ಸೊಟ್ಟ ಮಾತ್ರ ಬೇರೆ ಬೇರೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ವಿಂಗಡಿಸುವಾಗ ಸಹಾಯಕ್ಕೆ ನಿಂತ ಗಂಡ ಅಂಟಿಸಿಕೊಟ್ಟ ಮೊದಲ ಕಾರ್ಡಿನಲ್ಲಿ ‘ಕ್ಮಿಸ್ರಸ್ ಶುಭಾಶಯಗಳು’ ಎಂದಿತ್ತು. ಎರಡೂ ಒತ್ತು ಉದುರಿದ ಇನ್ನೊಂದರಲ್ಲಿ ‘ಕಿಸಸ್ ಶುಭಾಶಯಗಳು’. ಅದು ಸಭಾಪಾಲಕರಿಗೆಂದು ತೆಗೆದಿಟ್ಟದ್ದು. ‘ಕಳಿಸು, ಅವರಿಗೂ ಯಾರು ಹೇಳ್ತಾರೆ ಪಾಪ’ ಎಂದರು ಗಂಡ. ಆ ಕಾರ್ಡನ್ನು ನಾನು ಚೂರುಚೂರು ಮಾಡಿದೆ. ಕತ್ತರಿಯಿಂದ.

ಎಣಿಸಿ ನೋಡಿದರೆ ರ ಸರಿ ಇತ್ತು, ಮ ಒಂದು ಕಡಿಮೆ. ಇನ್ನೊಂದು ಕತ್ತರಿಸಬಹುದಿತ್ತಲ್ಲ ಎನ್ನುತ್ತೀರಿ. ಬಂಗಾರದ ಹಾಳೆ ಮುಗಿದಿತ್ತು. ಹಳದಿಯಲ್ಲಿ ಕತ್ತರಿಸಿದರೆ ಎದ್ದು ಕಾಣುತ್ತಿತ್ತು. ಮಾರನೆಯ ದಿನ ಗೊತ್ತಾಯಿತು: ನಮ್ಮವರು ಗಾಯನ ತಂಡದಲ್ಲಿ ಬೇಸ್ ಹಾಡುವವರು, ರಾತ್ರಿಯೇ ಕ್ಯಾರಲ್ ಅಭ್ಯಾಸಕ್ಕೆ ಹೋಗಿದ್ದರು. ಅವರ ಕಾಲರಿನಲ್ಲಿ ಏನೋ ಹೊಳೆಯುವುದನ್ನು ಕಂಡು ಆಲ್ಟೋದವರೊಬ್ಬರು ‘ಯಾರ ಸೀರೆಯ ಜರಿ ಇದು?’ ಎಂದು ತೆಗೆದು ಊದಿದರಂತೆ. ನಮ್ಮ ಮ ಒತ್ತು ಹೋದದ್ದು ಹಾಗೆ. ಆ ಪ್ರಶ್ನೆಗೆ ಇವರು ಅಲ್ಲಿ ಏನು ಉತ್ತರ ಕೊಟ್ಟರೆಂದು ನಾನು ಕೇಳಿದೆ. ‘ಕನ್ನಡ ವ್ಯಾಕರಣ ಅಂದೆ’ ಎಂದರು. ಯಾರೂ ನಂಬಲಿಲ್ಲವಂತೆ.

ಮುಂದಿನದು ಅಂಚೆ. ‘ನಿಮ್ಮ ಅಡ್ರೆಸ್ ಕಳಿಸಿ’ ಎಂದು ಕೇಳಿದರೆ ಈಗಿನವರು ಲೊಕೇಶನ್ ಕಳಿಸುತ್ತಾರೆ. ಆ ನೀಲಿ ಚುಕ್ಕೆಯನ್ನು ಲಕೋಟೆಯ ಮೇಲೆ ಹೇಗೆ ಬರೆಯುವುದು? ಪಿನ್‌ಕೋಡ್ ಗೊತ್ತಿಲ್ಲದ ಸೋದರಳಿಯ, ‘ಅತ್ತೆ, ಗೇಟಿನ ಹತ್ತಿರ ಬಂದು ಕಾಲ್ ಮಾಡ್ಲಿಕ್ಕೆ ಹೇಳಿ’ ಎಂದ; ಅಂಚೆಯಣ್ಣನನ್ನು ಊಟ ತಂದುಕೊಡುವ ಹುಡುಗನೆಂದೇ ಅವನು ತಿಳಿದಿರಬೇಕು. ಕೊನೆಗೆ ಅಮ್ಮನ ಹಳೆಯ ಡೈರಿ ತೆಗೆದೆ. ಬುಕ್ ಪೋಸ್ಟ್ ಎಂದು ಬರೆದು ಲಕೋಟೆಯ ಬಾಯಿ ಅಂಟಿಸದೆ ಒಳಗೆ ಮಡಚಿ ಕಳಿಸುತ್ತಿದ್ದ ಕಾಲದ ವಿಳಾಸಗಳು. ಹೆಚ್ಚಿನವಕ್ಕೆ ಅಮ್ಮನೇ ಅಡ್ಡಗೆರೆ ಎಳೆದಿದ್ದಾರೆ, ಪಕ್ಕದಲ್ಲಿ ತಾರೀಕು. ಗೆರೆ ಬೀಳದೆ ಉಳಿದ ಹೆಸರುಗಳಲ್ಲಿ ಎಷ್ಟಕ್ಕೆ ನಾನು ಎಳೆಯಬೇಕಿತ್ತು ಎಂದು ನೋಡುತ್ತಾ ಹೋದರೆ ಹಬ್ಬದ ಕೆಲಸ ಸಾಗುವುದಿಲ್ಲ, ಡೈರಿ ಮುಚ್ಚಿಟ್ಟೆ.

ಅಂಚೆ ಕಚೇರಿಯ ತಕ್ಕಡಿ ನನ್ನ ಕಲೆಯನ್ನು ತೂಗಿತು. 20 ಗ್ರಾಂ ಒಳಗಿದ್ದರೆ 5 ರೂಪಾಯಿಯ ಸ್ಟಾಂಪು ಸಾಕು. ನನ್ನದು ದಾಟಿತು. ತೆಂಗಿನಮರ ಎದ್ದು ಕಾಣಲೆಂದು ಅಡಿಗೆ ಕೊಟ್ಟ ಫೋಮ್ ಟೇಪಿನ ಪ್ರತಾಪ. ಎರಡು ಮರದಲ್ಲಿ ಒಂದನ್ನು ಕಡಿಯಲೇ ಎಂದು ಕೌಂಟರಿನ ಮುಂದೆಯೇ ಯೋಚಿಸಿದೆ. ಹಿಂದೆ ಸಾಲು ಬೆಳೆಯಿತು. ಮರ ಉಳಿಯಿತು, ದುಡ್ಡು ಹೋಯಿತು.

ಕಾರ್ಡು ತಲುಪಿದ ಮೇಲೆ ಜನ ಏನು ಮಾಡಿದರು? ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ನನ್ನ ಕಾರ್ಡಿನ ಚಿತ್ರ ಎಲ್ಲೆಲ್ಲಿಯೋ ಸುತ್ತಿ, ನನಗೇ ಶುಭಾಶಯವಾಗಿ ವಾಪಸು ಬಂತು. ತಲೆಯ ಮೇಲೆ ಅದೇ ಚೀಟಿ.

ಮ ಒತ್ತು ಇಲ್ಲದ ಆ ಒಂದು ಕಾರ್ಡನ್ನು ಯಾರಿಗೆ ಕಳಿಸುವುದೆಂದು ಬಹಳ ಯೋಚಿಸಿ ಉಡುಪಿಯ ನಮ್ಮ ಕನ್ನಡ ಟೀಚರಿಗೆ ಕಳಿಸಿದ್ದೆ. ಎಂಬತ್ತು ದಾಟಿದವರು, ಕಣ್ಣು ಹೋಗಿ ಕೆಲವು ವರ್ಷಗಳಾದವು. ಅವರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯ. ಇದು ಒಳ್ಳೆಯ ಬುದ್ಧಿಯಲ್ಲ, ಇರಲಿ. ಹಬ್ಬದ ಮರುದಿನ ಫೋನು ಬಂತು.

‘ನಕ್ಷತ್ರ ಸಿಕ್ಕಿತು. ಮರವೂ ಸಿಕ್ಕಿತು, ಎರಡುಂಟಲ್ವಾ? ಕ ಕ್ಕೆ ರ ಒತ್ತು ಸರಿ ಉಂಟು. ಸ ಕ್ಕೆ ಮ ಒತ್ತು ಯಾರು ಕೊಡ್ತಾರೆ?’

ಬೆರಳಿನಲ್ಲಿ ಓದಿದ್ದಾರೆ. ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು: ‘ಈ ಸಲ ಬಂದ ಕಾರ್ಡು ಇದೊಂದೇ. ಬಾಕಿಯವರೆಲ್ಲ ಸೊಸೆಯ ಫೋನಿಗೆ ಕಳಿಸ್ತಾರೆ. ಅದು ಬರೀ ಗಾಜು ಮಗಾ, ಎಲ್ಲಿ ಮುಟ್ಟಿದ್ರೂ ಒಂದೇ.’ ಸ್ವಲ್ಪ ತಡೆದು, ‘ಕ್ರಿಸ್ಮಸ್ ಅಂತ ಹತ್ತು ಸಲ ಬರೆದು ಕಳಿಸು. ಉಬ್ಬು ಅಕ್ಷರದಲ್ಲೇ ಆಗ್ಬೇಕು’ ಎಂದು ಫೋನಿಟ್ಟರು.

ಆ ಇಂಪೊಸಿಶನ್ನಿಗೆಂದು ಬಂಗಾರದ ಹಾಳೆ ತರಿಸಿ, ಫ್ಯಾನಿನ ಸ್ವಿಚ್ಚಿಗೆ ಟೇಪು ಸುತ್ತಿ ಕೂತಿದ್ದಾಗ ಅತ್ತಿಗೆ ಬಂದರು. ಮಗಳ ಮದುವೆ ಈಸ್ಟರ್ ಕಳೆದ ಮೇಲೆ. ಮದುವೆ ಕಾಗದ ನಾನೇ ಮಾಡಿಕೊಡಬೇಕಂತೆ, ಪೇಟೆಯಲ್ಲಿ ಮಾಡಿಸಿದ್ದು ಎಲ್ಲರ ಮನೆಯದ್ದೂ ಒಂದೇ ಥರ ಇರ್ತದಂತೆ.

‘ಮುನ್ನೂರು ಸಾಕು. ಹೇಗೂ ಮಿಷನ್ ಮಾಡುದಲ್ವಾ, ನಿನಗೆಂತ ಕಷ್ಟ?’

ಹುಡುಗಿಗೆ ಇಟ್ಟದ್ದು ಬೈಬಲಿನ ಹೆಸರು, ಪ್ರಿಸ್ಕಿಲ್ಲ. ಪ ಕ್ಕೆ ರ ಒತ್ತು, ಸ ಕ್ಕೆ ಕ ಒತ್ತು, ಲ ಕ್ಕೆ ಲ ಒತ್ತು. ಗಂಡನ ಮುಖ ಆಗಲೇ ಕಪ್ಪಿಟ್ಟಿತ್ತು. ‘ಹುಡುಗನ ಮನೆ ಎಲ್ಲಾಯ್ತು?’ ಎಂದು ಮೆಲ್ಲಗೆ ಕೇಳಿದರು.

‘ಬ್ರಹ್ಮಾವರ.’

‘ಮುನ್ನೂರು ಸಾಕಾಗ್ತದಾ ಅತ್ತಿಗೆ’ ಎಂದೆ ನಾನು, ‘ಐನೂರು ಮಾಡ್ಲಾ?’