ಆಟಕ್ಕಿಂತ ಕಾಫಿ ಜೋರು

ಕದರಮಂಡಲಗಿ ಕಾಂತೇಶನ ಗುಡಿ ಹತ್ತಿರದ ಚಹಾದಂಗಡಿ. ಟೀವಿಯಲ್ಲಿ ಆಟ ಮೂಲೆ ಸೇರಿದೆ. ಪರದೆ ತುಂಬ ಚರ್ಚೆ.

"ಕಾಕಾ, 2019ರ ಜನವರಿ 7ಕ್ಕ ಏನಾಗಿತ್ತು, ನೆನಪೈತೇನ್ರಿ?"

"ಇಲ್ದ ಏನೋ ತಮ್ಮಾ! ನಮ್ಮ ಕೆ.ಎಲ್. ರಾಹುಲ್, ಹಾರ್ದಿಕ್ ಪಾಂಡ್ಯ 'ಕಾಫಿ ವಿತ್ ಕರಣ್'ದಾಗ ಸಿಕ್ಕೊಂಡಿದ್ರಲ್ಲ!"

"ಅದು ಹಿಂದಿನ ದಿನದ ಶೋರಿ. 7ಕ್ಕ ಭಾರತ ಆಸ್ಟ್ರೇಲಿಯಾದಾಗ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿತ್ತು, 2-1."

"ಹೌದೇನು! ಯಾರ್ ಆಡಿದ್ರು?"

"ಪೂಜಾರ. ಮೂರು ಶತಕ, 521 ರನ್, 1,258 ಚೆಂಡು."

"ಅಷ್ಟ್ ಚೆಂಡು ತಡದ್ರೂ ಒಂದ್ ಮಾತ್ ಜಾರಲಿಲ್ಲೇನು? ಹಂಗಾದ್ರ ಚಾನೆಲ್ಲಿನವ್ರು ಏನ್ ತೋರಸ್ಬೇಕೋ?"

ಕಾಕಾ ಮಿರ್ಚಿ ಕಡಿದರು. ಆ ಶೋದಲ್ಲಿ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದ್ದು ತಪ್ಪೇ, ಸಂದೇಹವಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಸಿಸಿಐ ಓಂಬುಡ್ಸ್‌ಮನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಆ ಮಾತನ್ನೇ ವಾರಗಟ್ಟಲೆ ಅರೆದವರಿಗೆ ಬಿದ್ದದ್ದು ಜಾಹೀರಾತು.